ತಂತಿಗಿಂತ ಮೊದಲು ಕ್ರಾಸ್‌ಓವರ್: ನನ್ನ ಅನುಭವ

ವಿರಾಜಪೇಟೆಯ ಸಮೀಪದ ನಮ್ಮ ಹೆಂಚಿನ ಮನೆಯಲ್ಲಿ ಜೂನ್ ತಿಂಗಳಿಂದ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿನ ನಡುವೆಯೇ ಹಾಡು ಕೇಳಬೇಕು. ಅದನ್ನು ಮೀರಲೆಂದು ಧ್ವನಿ ಏರಿಸಿದಾಗಲೆಲ್ಲ ನನ್ನ ಹಳೆಯ ಸ್ಪೀಕರ್‌ಗಳಲ್ಲಿ ಗಾಯಕರ 'ಸ', 'ಶ'ಗಳು ಕಿವಿಗೆ ಚುಚ್ಚುತ್ತಿದ್ದವು. ದೋಷವಿರುವುದು ತಂತಿಯಲ್ಲಿ ಎಂದೇ ನಾನು ಬಹುಕಾಲ ನಂಬಿದ್ದೆ.

ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ 8 ಮೀಟರ್ ದೂರವಿದ್ದುದರಿಂದ, 0.75 ಚದರ ಮಿಲಿಮೀಟರ್ ತಂತಿಯ ಎರಡೂ ಎಳೆಗಳ ರೋಧ ಸೇರಿ ಸುಮಾರು 0.37 ಓಮ್ ಆಗುತ್ತಿತ್ತು. 2.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿ ಎಳೆದ ಮೇಲೆ ಅದು 0.11 ಓಮಿಗೆ ಇಳಿಯಿತು. ಟರ್ಮಿನಲ್‌ಗಳ ಕಿಲುಬನ್ನೂ ಉಜ್ಜಿ ತೆಗೆದೆ. ನಮ್ಮ ಜಿಲ್ಲೆಯ ತೇವದಲ್ಲಿ ಇದು ಪ್ರತಿ ಮಳೆಗಾಲದ ನಂತರವೂ ಮಾಡಬೇಕಾದ ಕೆಲಸ. ಆದರೂ ಚುಚ್ಚುವಿಕೆ ಹೋಗಲಿಲ್ಲ.

ದೋಷವಿದ್ದುದು ಕ್ರಾಸ್‌ಓವರ್‌ನಲ್ಲಿ, ಅಂದರೆ ಮೇಲಿನ ಸ್ವರಗಳನ್ನು ಟ್ವೀಟರ್‌ಗೂ (ಪೆಟ್ಟಿಗೆಯೊಳಗಿನ ಚಿಕ್ಕ ಸ್ಪೀಕರ್) ಕೆಳಗಿನವನ್ನು ವೂಫರ್‌ಗೂ (ದೊಡ್ಡದು) ಹಂಚುವ ಜೋಡಣೆಯಲ್ಲಿ. ಪೆಟ್ಟಿಗೆ ಬಿಚ್ಚಿದಾಗ ಟ್ವೀಟರ್‌ಗೆ ಒಂದೇ ಒಂದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇದ್ದು, ವೂಫರ್‌ಗೆ ಏನೂ ಇಲ್ಲದಿರುವುದು ಕಂಡಿತು. ಒಂದು ಕೆಪಾಸಿಟರ್ ಆಕ್ಟೇವ್‌ಗೆ (ಆವರ್ತನದ ದುಪ್ಪಟ್ಟು ಅಥವಾ ಅರ್ಧದ ಅಂತರಕ್ಕೆ) 6 ಡೆಸಿಬೆಲ್ ಮಾತ್ರ ತಗ್ಗಿಸುವುದರಿಂದ ಟ್ವೀಟರ್ ತನ್ನ ಶಕ್ತಿಗೆ ಮೀರಿದ ಕೆಳಗಿನ ಸ್ವರಗಳನ್ನೂ ಹೊರುತ್ತಿತ್ತು. ಮೇಲಿನ ಸ್ವರಗಳನ್ನು ವೂಫರ್ ಒರಟಾಗಿ ನುಡಿಯುತ್ತಿತ್ತು.

ಆದ್ದರಿಂದ 3000 ಹರ್ಟ್ಸ್‌ನಲ್ಲಿ ಎರಡನ್ನೂ ಬೇರ್ಪಡಿಸುವ, ಆಕ್ಟೇವ್‌ಗೆ 12 ಡೆಸಿಬೆಲ್ ತಗ್ಗಿಸುವ ಲಿಂಕ್‌ವಿಟ್ಜ್-ರೈಲಿ ಎಂಬ ಕ್ರಾಸ್‌ಓವರ್ ಜೋಡಣೆಯನ್ನು ಆರಿಸಿಕೊಂಡೆ. ವೂಫರ್, ಟ್ವೀಟರ್‌ಗಳ ತಡೆ 8 ಓಮ್ ಎಂದು ಲೆಕ್ಕ ಹಾಕಿದರೆ ಪ್ರತಿ ಭಾಗಕ್ಕೂ 3.3 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 0.85 ಮಿಲಿಹೆನ್ರಿ ಕಾಯಿಲ್ ಬೇಕಾಗುತ್ತದೆ. ಕೆಪಾಸಿಟರ್‌ಗಳಿಗೆ ಪಾಲಿಪ್ರೊಪಿಲೀನ್ ಬಳಸಿದೆ. ಎರಡು ಕಾಯಿಲ್‌ಗಳ ಕಾಂತಕ್ಷೇತ್ರಗಳು ಬೆರೆಯದಂತೆ ಅವನ್ನು ದೂರದಲ್ಲಿ, ಒಂದಕ್ಕೊಂದು ಲಂಬವಾಗಿ ಕೂರಿಸಿದೆ.

ನಾನು ಎಡವಿದ್ದು ಇಲ್ಲಿಯೇ. ವೂಫರ್‌ನ 8 ಓಮ್ ಸ್ಥಿರವಾದುದಲ್ಲ. ಆವರ್ತನ ಏರಿದಂತೆ ಅದೂ ಏರುತ್ತದೆ, ಲೆಕ್ಕ ತಪ್ಪುತ್ತದೆ. ನೇರ ವಿದ್ಯುತ್ತಿಗೆ ನನ್ನ ವೂಫರ್ ಸುರುಳಿಯ ರೋಧ 6 ಓಮ್, ಆವರ್ತನದೊಂದಿಗೆ ತಡೆಯನ್ನು ಏರಿಸುವ ಇಂಡಕ್ಟನ್ಸ್ 0.56 ಮಿಲಿಹೆನ್ರಿ; ಈ ಏರಿಕೆಯನ್ನು ಸರಿದೂಗಿಸಲು 7.5 ಓಮ್ ರೆಸಿಸ್ಟರ್ ಮತ್ತು 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸರಣಿಯಲ್ಲಿ ಬೆಸೆದು, ವೂಫರ್‌ಗೆ ಸಮಾನಾಂತರವಾಗಿ ಕೊಟ್ಟ ಮೇಲೆಯೇ ಒರಟುತನ ಹೋಯಿತು.

ಲಿಂಕ್‌ವಿಟ್ಜ್-ರೈಲಿಯ ಈ ಜೋಡಣೆಯಲ್ಲಿ ಟ್ವೀಟರ್‌ನ ಪ್ಲಸ್-ಮೈನಸ್ ಅದಲುಬದಲಾಗಿರಬೇಕು. 3000 ಹರ್ಟ್ಸ್‌ನ ಸ್ವರ ನುಡಿಸಿ ಎರಡೂ ರೀತಿಯಲ್ಲಿ ಜೋಡಿಸಿ ನೋಡಿದೆ. ನೇರ ಜೋಡಣೆಯಲ್ಲಿ ಸ್ವರ ಬಹುಪಾಲು ಅಡಗಿತು, ತಿರುಗಿಸಿದಾಗ ತುಂಬಿ ಬಂತು.

ವೂಫರ್‌ಗಿಂತ 3 ಡೆಸಿಬೆಲ್ ಜೋರಾಗಿದ್ದ ಟ್ವೀಟರನ್ನು 2.2 ಓಮ್ ರೆಸಿಸ್ಟರನ್ನು ಸರಣಿಯಲ್ಲೂ 20 ಓಮಿನದನ್ನು ಸಮಾನಾಂತರದಲ್ಲೂ ಹಾಕಿ ತಗ್ಗಿಸಿದೆ. ಈ ಮಟ್ಟವನ್ನು ಮಾತ್ರ ಮಳೆಗಾಲದಲ್ಲಿ ನಿರ್ಧರಿಸಬಾರದು: ಮಳೆಯ ಸದ್ದು ಮೇಲಿನ ಸ್ವರಗಳನ್ನೇ ಮುಚ್ಚುವುದರಿಂದ ಟ್ವೀಟರ್ ಎಷ್ಟಿದ್ದರೂ ಕಡಿಮೆಯೆನಿಸುತ್ತದೆ. ನಾನು ಜನವರಿಯ ನಿಶ್ಶಬ್ದ ರಾತ್ರಿಗಳಿಗಾಗಿ ಕಾದು, ಆಗ ಕೇಳಿಯೇ ಪೆಟ್ಟಿಗೆ ಮುಚ್ಚಿದೆ.