ಬ್ಯಾಟ್ರಿ ಅಂಗಡಿ ಹಿಂದಿನ ಮಣ್ಣಿಗೆ ವಿನೆಗರ್ ಪರೀಕ್ಷೆ
ಹಳೆ ಗ್ಯಾರೇಜ್ ಅಥವಾ ಬ್ಯಾಟ್ರಿ ಅಂಗಡಿ ಇದ್ದ ಜಾಗದಾಗ ಪಲ್ಯ ಹಾಕೋ ಮೊದಲು ಎರಡು ಚಮಚ ಮಣ್ಣು ಗಾಜಿನ ಲೋಟಕ್ಕೆ ಹಾಕಿ, ನೀರಿನಾಗ ನೆನೆಸಿ, ಗುಳ್ಳೆ ನಿಂತ ಮೇಲೆ ಎರಡು ಚಮಚ ಬಿಳಿ ವಿನೆಗರ್ ಸುರೀರಿ. ಲೋಟ ಕಿವಿ ಹತ್ರ ಹಿಡೀರಿ. ಐವತ್ತು ಅಡಿ ದೂರದ ಮಣ್ಣಿಗೂ ಹಿಂಗೇ ಮಾಡ್ರಿ. ದೂರದ್ದು ಸುಂಯ್ ಅಂದು, ಅಂಗಡಿ ಮಣ್ಣು ಸುಮ್ಮನಿದ್ರೆ ಅಲ್ಲಿ ಆಸಿಡ್ ಚೆಲ್ಲಿರೋ ಅನುಮಾನ ಗಟ್ಟಿ. ಕಲಬುರಗಿ ಕಡೆ ಎರೆಮಣ್ಣಿನಾಗ ಸಾಮಾನ್ಯವಾಗಿ ಸುಣ್ಣದ ಅಂಶ ಇರ್ತದ, ವಿನೆಗರ್ ಬಿದ್ರೆ ಸುಂಯ್ ಅನ್ನೋದು ಅದೇ; ಬ್ಯಾಟ್ರಿಯೊಳಗಿನ ವಿಷದ ಲೋಹ ಸೀಸವನ್ನ (ಲೆಡ್) ಅದು ಕಟ್ಟಿಹಾಕ್ತದ. ಬ್ಯಾಟ್ರಿ ಆಸಿಡ್ ಆ ಸುಣ್ಣ ತಿಂದುಬಿಟ್ರೆ ಸೀಸ ಸಡಿಲಾಗಿ ಬೇರಿಗೆ ಸಲೀಸಾಗಿ ಸಿಗ್ತದ. ಅಲ್ಲಿ ಪಾಲಕ್, ಮೆಂತೆ, ಪುಂಡಿಪಲ್ಯ, ಮೂಲಂಗಿ ಬ್ಯಾಡ್ರಿ, ಮಕ್ಕಳನ್ನೂ ಆಡಾಕ ಬಿಡಬ್ಯಾಡ್ರಿ. ನೆನೆಸೋದು ಮಾತ್ರ ಮರೀಬ್ಯಾಡ್ರಿ: ಒಣಮಣ್ಣಿನೊಳಗಿನ ಗಾಳಿ ಹೊರಬರೋದೂ ಗುಳ್ಳೆ ಹಂಗೇ ಕಾಣ್ತದ. ಬೀದರಿನ ಜಂಬಿಟ್ಟಿಗೆ ಕೆಂಪು ಮಣ್ಣಿಗೆ ಇದು ನಡೆಯಂಗಿಲ್ಲ, ಅದರಾಗ ಮೊದಲೇ ಸುಣ್ಣ ಕಡಿಮಿ. ಇನ್ನ, ಗುಳ್ಳೆ ಬಂತು ಅಂದಮಾತ್ರಕ್ಕ ಸೀಸ ಇಲ್ಲ ಅಂತಲ್ಲ. ಹಳೇ ಬಣ್ಣ, 2000ಕ್ಕಿಂತ ಮೊದಲಿನ ಪೆಟ್ರೋಲ್ ಹೊಗೆಯಿಂದ ಬಿದ್ದ ಸೀಸ ಸುಣ್ಣ ಇರೋ ಮಣ್ಣಿನಾಗೂ ಹಂಗೇ ಕುಂತಿರ್ತದ. ಅದು ಗೊತ್ತಾಗಬೇಕಂದ್ರ ಮೇಲಿನ ಆರು ಇಂಚಿನ ಮಣ್ಣು ಲ್ಯಾಬಿಗೇ ಕೊಡಬೇಕು. ಕೊಡುವಾಗ 'ಸೀಸ, ಕ್ಯಾಡ್ಮಿಯಂ' (ಇದೂ ಒಂದು ವಿಷದ ಲೋಹ) ಅಂತ ಬರೆಸ್ರಿ, ಗೊಬ್ಬರದ ಮಾಮೂಲಿ ಪರೀಕ್ಷೆಯೊಳಗ ಅವು ಬರಂಗಿಲ್ಲ.