ಬಕೆಟ್ ನೀರಿನಿಂದ ಹವಳದ ದಿಬ್ಬದ ತನಕ

ಧಾರವಾಡದ ನಮ್ಮ ಓಣಿಯಲ್ಲಿ ನಳ ದಿನಾ ಬರುವುದಿಲ್ಲ. ಮಲಪ್ರಭೆಯ ನೀರು ಬಿಟ್ಟ ದಿನ ಡ್ರಮ್ಮು, ಕೊಡ, ಬಕೆಟ್ ತುಂಬಿಟ್ಟುಕೊಳ್ಳುವುದೇ ದೊಡ್ಡ ಕೆಲಸ. ಹಾಗೆ ನೀರನ್ನು ಅಳೆದು ಬಳಸಿ ಬೆಳೆದ ನನಗೆ ಎದೆಮಟ್ಟದ ನೀರೆಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಮದುವೆಯ ಇಪ್ಪತ್ತನೆಯ ವರ್ಷಕ್ಕೆ ಅಂಡಮಾನಿನ ಹ್ಯಾವ್ಲಾಕ್ ದ್ವೀಪಕ್ಕೆ ಹೋಗೋಣವೆಂದು ನಮ್ಮ ಮನೆಯವರು ಹೇಳಿದಾಗ ಒಂದೇ ಷರತ್ತು ಹಾಕಿದೆ. "ದಂಡಿ ಮ್ಯಾಲೆ ಕುಂತು ಬರೂದಾದ್ರ ನಾ ಒಲ್ಲೆ. ನೀರಾಗ ಇಳಿಯೂದಾದ್ರ ಇಲ್ಲೇ ಕಲತು ಹೋಗೂಣು."

ಎರಡು ತಿಂಗಳು ಕಲಿತೆವು. ನೀರಿನ ಮೇಲೆ ತೇಲುತ್ತ, ಕೊಳವೆಯಿಂದ ಉಸಿರಾಡುತ್ತ ಕೆಳಗಿನದನ್ನು ನೋಡುವ ಸ್ನಾರ್ಕೆಲಿಂಗಿನಲ್ಲಿ ಲೈಫ್ ಜಾಕೆಟ್ ತೇಲಿಸುತ್ತದೆ. ಕಷ್ಟವಿರುವುದು ಮುಖ ನೀರೊಳಗಿಟ್ಟು ಬಾಯಿಂದ ಉಸಿರಾಡುವುದರಲ್ಲಿ. ಎರಡು ಮಾಸ್ಕ್, ಎರಡು ಕೊಳವೆ ತರಿಸಿದೆವು. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದಾಗ ಬೀಳದೆ ಕಚ್ಚಿಕೊಂಡರೆ ಅಳತೆ ಸರಿ. ನನ್ನದು ನಿಂತಿತು. ಅವರದು ಮೀಸೆಯ ಸಂದಿಯಲ್ಲಿ ಗಾಳಿ ಸೋರಿ ಬಿತ್ತು. ವ್ಯಾಸಲೀನ್ ಸವರಿದ ಮೇಲೆ ಹಿಡಿಯಿತು. ಮೊದಲ ವಾರ ದೊಡ್ಡ ಬಕೆಟ್ಟಿನಲ್ಲಿ ಮುಖ ಅದ್ದಿ ಉಸಿರು ಎಣಿಸಿದೆ. ಹತ್ತಕ್ಕೇ ಎದೆ ಡವಡವ. ಎಂಟನೆಯ ದಿನ ನೂರು ದಾಟಿದೆ. ಆಮೇಲೆ ಹುಬ್ಬಳ್ಳಿಯ ಈಜುಕೊಳದಲ್ಲಿ ಬೆಳಗಿನ ಬ್ಯಾಚ್. ಕೊಳವೆಗೆ ನೀರು ನುಗ್ಗಿದರೆ ತಲೆ ಎತ್ತದೆ, 'ತೂ' ಎಂದು ಜೋರಾಗಿ ಊದಿ ಹೊರಗೆ ಹಾಕುವುದನ್ನು ಅಲ್ಲೇ ಕಲಿತದ್ದು.

ಬೆಂಗಳೂರಿಗೆ ರೈಲು, ಪೋರ್ಟ್ ಬ್ಲೇರ್‌ಗೆ ವಿಮಾನ, ಅಲ್ಲಿಂದ ಹಡಗು. ಹ್ಯಾವ್ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು. ಹೋಗುವವರು ಗಡಿಯಾರದ ಲೆಕ್ಕ ತಿಳಿದಿರಬೇಕು. ಅದು ಧಾರವಾಡಕ್ಕಿಂತ ಸುಮಾರು 18 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಒಂದು ತಾಸಿಗೂ ಮಿಕ್ಕಿ ಮುಂದೆ. ಫೆಬ್ರುವರಿಯಲ್ಲಿ ಆರರೊಳಗೆ ಬೆಳಕು, ಐದೂವರೆಗೆಲ್ಲ ಹೊತ್ತು ಮುಳುಗುತ್ತದೆ. ಎಂಟಕ್ಕೆ ಏಳುವವರಿಗೆ ಬೆಳಕಿನ ಎರಡು ತಾಸು ಸಿಗುವುದಿಲ್ಲ.

ನಾವು ನಸುಕಿನಲ್ಲೇ ಕಯಾಕ್, ಅಂದರೆ ಹುಟ್ಟು ಹಾಕುವ ಕಿರುದೋಣಿ, ಹತ್ತಿದೆವು. ಮ್ಯಾಂಗ್ರೋವ್ ಕಾಡಿನ ಕಾಲುವೆಯೊಳಗೆ ಹೋಗಲು ಭರತದ ನೀರು ಬೇಕು. ಇಳಿತದಲ್ಲಿ ಕೆಸರೇ ಕಾಣುತ್ತದೆ. ಹೊರಟ ಹೊಸತರಲ್ಲಿ ದೋಣಿ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಮುಂದೆ ಕೂತವರು ಲಯ ಹಿಡಿಯಬೇಕು, ಹಿಂದಿನವರು ಅದೇ ಲಯಕ್ಕೆ ಹುಟ್ಟು ಹಾಕುತ್ತ ದಿಕ್ಕು ತಿರುಗಿಸಬೇಕು ಎಂದು ಮಾರ್ಗದರ್ಶಿ ಹುಡುಗ ಹೇಳಿದ. ನಾನು "ಎಡ, ಬಲ" ಎನ್ನುತ್ತ ಹೋದೆ, ಇವರು ಹಿಂದಿನಿಂದ ಕೂಡಿಸಿಕೊಂಡರು. ಕೆಸರಿನಿಂದ ಬೆರಳಿನಂತೆ ಮೇಲೆದ್ದ ಉಸಿರು ಬೇರುಗಳ ನಡುವೆ ಅರ್ಧ ತಾಸು ನಾವಿಬ್ಬರೂ ಬೇರೆ ಮಾತಾಡಲಿಲ್ಲ.

ಎಲಿಫೆಂಟ್ ಬೀಚಿಗೆ ಜೆಟ್ಟಿಯಿಂದ ದೋಣಿ. ಬಿಸಿಲಿಗೆ ಸನ್‌ಸ್ಕ್ರೀನಿಗಿಂತ ಪೂರ್ತಿ ತೋಳಿನ ಅಂಗಿಯೇ ಮೇಲು: ಬೆನ್ನೂ ಸುಡಲಿಲ್ಲ, ನೀರಿಗೂ ಏನೂ ಬಿಡಲಿಲ್ಲ. ಮಾಸ್ಕಿನ ಗಾಜಿಗೆ ಒಳಗಿನಿಂದ ಎಂಜಲು ಸವರಿ ತೊಳೆದೆ. ಹಬೆ ಹಿಡಿಯದಿರಲು ಇಷ್ಟು ಸಾಕು. ಮುಖ ಇಳಿಸಿದೆ. ಎಣಿಸತೊಡಗಿದೆ. ಮೂವತ್ತರ ಸುಮಾರಿಗೆ ಒಂದು ಅಲೆ ಕೊಳವೆಯೊಳಗೆ ಸುರಿದು ಗಂಟಲಿಗೆ ಉಪ್ಪು ಹತ್ತಿತು. 'ತೂ' ಎಂದೆ. ದಾರಿ ತೆರೆಯಿತು. ಆಮೇಲೆ ಎಣಿಕೆಯೇ ಮರೆತುಹೋಯಿತು.

ಕೆಳಗೆ ಹಸಿರು-ನೀಲಿ ಗಿಳಿಮೀನೊಂದು ಹವಳದ ಬಂಡೆಯನ್ನು ಕೊಕ್ಕಿನಂಥ ಹಲ್ಲಿನಿಂದ ಕೆರೆಯುತ್ತಿತ್ತು. ಖಡಕ್ ರೊಟ್ಟಿ ಮುರಿದಂಥ ಸದ್ದು ನೀರೊಳಗೆ ಸ್ಪಷ್ಟವಾಗಿ ಕೇಳಿತು. ಸ್ವಲ್ಪ ಮುಂದೆ ಹೋಗಿ ಬಾಲದ ಹಿಂದೆ ಬಿಳಿ ಪುಡಿಯ ಎಳೆ ಬಿಟ್ಟಿತು. ಅದು ತಿಂದ ಹವಳ, ಮರಳಾಗಿ ಹೊರಬಂದದ್ದು. ಹವಳವಿರುವ ದಂಡೆಗಳ ಬಿಳಿ ಮರಳಿನಲ್ಲಿ ಈ ಮೀನಿನ ಪಾಲೂ ಇದೆ. ಪಕ್ಕದಲ್ಲೇ ಬೂದಿ ಬಣ್ಣದ ಸತ್ತ ಹವಳ ಹಾಸಿಕೊಂಡಿತ್ತು, ನೋಡಿ ಸಂಕಟವಾಯಿತು. 2010ರಲ್ಲಿ ಸಮುದ್ರ ಕಾದು ಅಂಡಮಾನಿನ ಹವಳ ಬಿಳಿಚಿಕೊಂಡಿತ್ತು. ಬಿಸಿಗೆ ಒಳಗಿನ ಪಾಚಿ ಹೊರಬಿದ್ದರೆ ಹವಳಕ್ಕೆ ಬಣ್ಣವೂ ಇಲ್ಲ, ಅನ್ನವೂ ಇಲ್ಲ. ಅದರ ಮೇಲೆ ಕಾಲೂರಿ ನಿಂತು ಫೋಟೋ ತೆಗೆಸಿಕೊಳ್ಳುವವರನ್ನೂ ಕಂಡೆ. ದಯವಿಟ್ಟು ಹಾಗೆ ಮಾಡಬೇಡಿ. ದಣಿವಾದರೆ ಬೆನ್ನ ಮೇಲೆ ಮಲಗಿ ತೇಲಿ. ಉಪ್ಪುನೀರು ಈಜುಕೊಳಕ್ಕಿಂತ ಚೆನ್ನಾಗಿ ಹೊರುತ್ತದೆ.

ಮೂರೂವರೆಗೆ ರಾಧಾನಗರ ಬೀಚು. ದಂಡೆಯ ಹಿಂದಿನ ಮುಗಿಲೆತ್ತರದ ಮರಗಳ ನೆರಳಲ್ಲಿ ಊರಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ದಂಡೆ ಪಶ್ಚಿಮಕ್ಕಿರುವುದರಿಂದ ಸೂರ್ಯ ನೇರ ನೀರಿಗೇ ಇಳಿಯುತ್ತಾನೆ. ಶಂಖವೊಂದನ್ನು ಎತ್ತಿಕೊಂಡೆ, ಒಳಗಿಂದ ಏಡಿಯ ಕಾಲು ಹೊರಬಂತು, ಇದ್ದಲ್ಲೇ ಇಟ್ಟೆ. ಅಷ್ಟರಲ್ಲಿ ಕಾವಲುಗಾರರು ಸೀಟಿ ಊದಿ ಎಲ್ಲರನ್ನೂ ನೀರಿನಿಂದ ಮೇಲಕ್ಕೆ ಕರೆದರು.

ಮನೆಗೆ ಬಂದ ಮೇಲೆ ನೀರು ಬಿಡುವ ದಿನ ಕಾದು ಮಾಸ್ಕುಗಳ ಉಪ್ಪು ತೊಳೆದು ನೆರಳಲ್ಲಿ ಒಣಗಿಸಿದೆ. ಈಗ ಅವು ಪಕ್ಕದ ಮನೆಯಲ್ಲಿವೆ. ಅವರು ಮಳೆಗಾಲಕ್ಕೆ ಮೊದಲು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವವರು. ನಿನ್ನೆ ಸಂಜೆ ಗೋಡೆಯಾಚೆಯಿಂದ ಅವರ ಮಗಳು ಕೂಗಿದಳು: "ಕಾಕು, ಅರವತ್ತಾತು!"