ಹಳೆಯ ಜಾಗ್ವಾರ್ ಎಂಜಿನ್ನಿಗೆ ಬೆಂಗಳೂರಿನ ಹದ: ನನ್ನ ಅನುಭವ

ಮೊದಲ ಸರಣಿಯ ನನ್ನ ಜಾಗ್ವಾರ್ ಎಕ್ಸ್‌ಜೆ6 ಕಾರಿನ 4.2 ಲೀಟರ್ ಎಂಜಿನ್ನಿಗೆ 8:1ರ ಬದಲು 9:1 ಸಂಕೋಚನ ಅನುಪಾತದ (ಸಿಲಿಂಡರಿನೊಳಗಿನ ಮಿಶ್ರಣವನ್ನು ಇನ್ನೂ ಬಿಗಿಯಾಗಿ ಒತ್ತುವ) ಪಿಸ್ಟನ್ ಹಾಕುತ್ತೇನೆಂದಾಗ, ನಮ್ಮ ಪೆಟ್ರೋಲಿಗೆ ಅದು ನಾಕಿಂಗ್ (ಒತ್ತಡಕ್ಕೆ ಮಿಶ್ರಣ ತಾನಾಗಿ ಹೊತ್ತಿಕೊಂಡು ಕಟಕಟ ಸದ್ದಾಗುವುದು) ಮಾಡಿಯೇ ತೀರುತ್ತದೆ ಎಂದವರೇ ಹೆಚ್ಚು. ಎಂಜಿನ್ನನ್ನು ಗುಜರಿಗೆ ಕೊಟ್ಟು ಜಪಾನಿನ ಡೀಸೆಲ್ ಎಂಜಿನ್ ಕೂರಿಸಿ ಎಂದವರೂ ಇದ್ದರು. ಎರಡು ಬೇಸಿಗೆ ಕಳೆದ ಮೇಲೂ ನಂದಿ ಬೆಟ್ಟದ ಏರಿನಲ್ಲಿ ಆ ಸದ್ದು ಕೇಳಿಸದಿರುವುದರಿಂದ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಶೇ. 9ರಷ್ಟು ತೆಳು, ಸಿಲಿಂಡರ್ ಅಷ್ಟು ಕಡಿಮೆ ತುಂಬುವುದರಿಂದ ನಾಕಿಂಗಿಗೆ ಕಾರಣವಾಗುವ ಒತ್ತಡ ಕರಾವಳಿಯಲ್ಲಿ ಹುಟ್ಟುವಷ್ಟು ಇಲ್ಲಿ ಹುಟ್ಟುವುದೇ ಇಲ್ಲ. ಇನ್ನು ಶೇ. 20 ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆಯಾದರೂ ನಾಕಿಂಗನ್ನು ಚೆನ್ನಾಗಿಯೇ ತಡೆಯುತ್ತದೆ.

ಹಣ ಹೋದದ್ದು ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದ ಕೆಲಸಕ್ಕೆ. ಪೀಣ್ಯದ ಒಂದು ಕಾರ್ಯಾಗಾರ ಅಲ್ಯೂಮಿನಿಯಂ ಹೆಡ್ಡನ್ನು ಸಮತಟ್ಟು ಮಾಡದೆಯೇ ಹಿಂದಿರುಗಿಸಿದ್ದರಿಂದ ಗ್ಯಾಸ್ಕೆಟ್ ಸೋರಿ, ಹದಿನೆಂಟು ಸಾವಿರದಷ್ಟು ನೀರಿಗೆ ಹೋಯಿತು. ಎರಡನೇ ಕಡೆ ಹೆಡ್ ಸರಿಯಾಯಿತು. ಸಮತಟ್ಟು ಮಾಡುವಾಗ ಹೆಡ್ ತೆಳುವಾಗಿ ಬದಲಾಗುವ ಕ್ಯಾಮ್ ಟೈಮಿಂಗನ್ನು (ವಾಲ್ವುಗಳು ತೆರೆದು ಮುಚ್ಚುವ ಹೊತ್ತನ್ನು) ಚೈನ್ ಚಕ್ರವಾದ ಸ್ಪ್ರಾಕೆಟ್ಟಿನ ಹಲ್ಲಿನ ಪ್ಲೇಟಿನಲ್ಲಿಯೇ ಹೊಂದಿಸಬಹುದೆಂಬುದು ಈ ಎಂಜಿನ್ನಿನ ದೊಡ್ಡ ಗುಣ. ಬ್ಲಾಕಿನ ಕೋರ್ ಪ್ಲಗ್ಗುಗಳನ್ನು (ತಂಪು ನೀರಿನ ದಾರಿಯ ಬಿಲ್ಲೆಗಳನ್ನು) ತೆಗೆದಾಗ, ಜಾಗ್ವಾರ್ ಹಿಂದಿನಿಂದ ಎಣಿಸುವ 1 ಮತ್ತು 2ನೇ ಸಿಲಿಂಡರುಗಳ ಸುತ್ತ ಕೆರೆಯಂತೆ ಹೂಳು ತುಂಬಿತ್ತು. ಅದನ್ನು ಕೆರೆದು ತೆಗೆಯದಿದ್ದರೆ ಎಂಜಿನ್ ತಣ್ಣಗಾಗದೆ, ಯಾವ ಪಿಸ್ಟನ್ ಹಾಕಿದರೂ ವ್ಯರ್ಥವೆಂದು ನನ್ನ ಖಚಿತ ಅಭಿಪ್ರಾಯ. ಇಂಗ್ಲೆಂಡಿನಿಂದ ಬಂದ ಪಿಸ್ಟನ್ನುಗಳಿಗೆ ಸುಂಕ ಸೇರಿ ತೊಂಬತ್ತು ಸಾವಿರದ ಆಸುಪಾಸು, ಒಟ್ಟು ಮೂರೂಕಾಲು ಲಕ್ಷ ಮುಟ್ಟಿರಬೇಕು.

ನಡುವೆ ದಪ್ಪ ಸೈಲೆನ್ಸರ್ ಪೈಪನ್ನೂ ಹಾಕಿ ನೋಡಿದೆ. ಸದ್ದು ಬಂತು, ಕೆಳವೇಗದ ಎಳೆತ ಹೋಯಿತು, ಹಳೆಯದನ್ನೇ ಮತ್ತೆ ಕೂರಿಸಿದೆ. ಅದಕ್ಕಿಂತ ಉಪಯೋಗವಾದದ್ದು ಕಾರ್ಬ್ಯುರೇಟರಿಗೂ ಎಂಜಿನ್ನಿನ ಮ್ಯಾನಿಫೋಲ್ಡಿಗೂ ನಡುವೆ ಇಟ್ಟ, ಶಾಖ ತಡೆಯುವ ಬೇಕ್‌ಲೈಟ್ ಸ್ಪೇಸರ್; ಜೆ.ಸಿ. ರಸ್ತೆಯಲ್ಲಿ ಸಿಗದೆ, ಲೇತಿನವರಿಂದ ಕೆಲವು ನೂರು ರೂಪಾಯಿಗೆ ಮಾಡಿಸಿಕೊಂಡೆ. ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ನಿಂತರೂ ಈಗ ಪೆಟ್ರೋಲು ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಕುದಿಯುವುದಿಲ್ಲ.

ಎತ್ತರವು ಗಾಳಿ-ಪೆಟ್ರೋಲ್ ಮಿಶ್ರಣವನ್ನು ಗಾಢವಾಗಿಸಿದರೆ (ಪೆಟ್ರೋಲಿನ ಪಾಲು ಹೆಚ್ಚಿಸಿದರೆ) ಎಥನಾಲ್ ತೆಳುವಾಗಿಸುತ್ತದೆ, ಆದರೆ ಎಥನಾಲಿನ ಕೈ ಸ್ವಲ್ಪ ಮೇಲು. ಹಾಗಾಗಿ ಅವಳಿ ಎಸ್‌ಯು ಕಾರ್ಬ್ಯುರೇಟರುಗಳ ಪೆಟ್ರೋಲಿನ ಹರಿವನ್ನು ಅಳೆಯುವ ಸೂಜಿಗಳನ್ನು ನಯವಾದ ಮರಳುಕಾಗದದಿಂದ ಉಜ್ಜಿ ಹೊಂದಿಸಿದ್ದೇನೆ. ಎಲ್ಲಿ, ಎಷ್ಟು ಎಂಬುದು ನನ್ನ ಬಳಿಯೇ ಇರಲಿ. ವೇಗಕ್ಕೆ ತಕ್ಕಂತೆ ಕಿಡಿಯ ಹೊತ್ತನ್ನು ಬದಲಿಸುವ ಡಿಸ್ಟ್ರಿಬ್ಯೂಟರಿನ ತೂಕಗಳಿಗೆ ಹಾಕಿದ ಸ್ಪ್ರಿಂಗುಗಳ ವಿಷಯವೂ ಅಷ್ಟೇ.

ಮೂರನೇ ಗೇರಿನಲ್ಲಿ 60ರಿಂದ 100 ಕಿಲೋಮೀಟರ್ ವೇಗಕ್ಕೆ ಮೊದಲು ಎಂಟೂವರೆ ಸೆಕೆಂಡು ಬೇಕಿತ್ತು, ಈಗ ಏಳರ ಸುಮಾರು. ಸ್ಟಾಪ್‌ವಾಚ್ ಹಿಡಿದವಳು ಮಗಳಾದ್ದರಿಂದ ರಿಯಾಯಿತಿ ಸಿಕ್ಕಿರಲಾರದು. ಗಾಳಿ ದಟ್ಟವಾಗುವ ಮಂಗಳೂರಿಗೆ ಇಳಿಯುವಾಗ ಮಾತ್ರ, ಶಿರಾಡಿ ಘಾಟಿಗೆ ಮೊದಲೇ ಸಕಲೇಶಪುರದಲ್ಲಿ ನಿಲ್ಲಿಸಿ ಇಗ್ನಿಶನ್ನನ್ನು ಎರಡು ಡಿಗ್ರಿ ಹಿಂದಕ್ಕೆ ತಿರುಗಿಸಿ, ಕಿಡಿ ತುಸು ತಡವಾಗಿ ಹಾರುವಂತೆ ಮಾಡಿಕೊಳ್ಳುತ್ತೇನೆ.